ಹದ ಅರಿಯುವ ವಿದ್ಯೆ



ನಾನು ಸೊರಬ ತಾಲ್ಲೂಕಿನ ಜಡೆ ಸೀಮೆಯವನು. ನಮ್ಮ ನೆರೆಯ ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಒಂದು ಕಲ್ಲುಕಂಬವಿದೆ. ಮಯೂರಶರ್ಮ ತನ್ನ ಗುರು ವೀರಶರ್ಮನೊಡನೆ ಓದಲೆಂದು ಕಂಚಿಯ ಘಟಿಕೆಗೆ ಹೋದ ಕತೆಯನ್ನು ಕುಬ್ಜ ಎಂಬ ಕವಿ ಅದರ ಮೇಲೆ ಬರೆದಿದ್ದಾನೆ. ಘಟಿಕೆ ಎಂದರೆ ವಿದ್ಯಾಸ್ಥಾನ. ಈ ಘಟಿಕೋತ್ಸವದ ಹೆಸರಿನಲ್ಲಿ ಇಂದಿಗೂ ಆ ಮಾತು ಉಳಿದಿದೆ. ವಿದ್ಯೆಗಾಗಿ ಊರು ಬಿಟ್ಟವರ ನೆಲದಿಂದ ಬಂದವನಾಗಿ, ನಾನು ಊರು ಬಿಟ್ಟು ಕಲಿತ ಒಂದು ಸಂಗತಿಯನ್ನು ನಿಮ್ಮ ಮುಂದೆ ಇಡುತ್ತೇನೆ.

ಆಲೆಮನೆಯಲ್ಲಿ ಕೊಪ್ಪರಿಗೆಯ ಮುಂದೆ ನಿಂತವನ ಕಣ್ಣೆಲ್ಲ ಪಾಕದ ಹದದ ಮೇಲೆ. ಬೇಗ ಇಳಿಸಿದರೆ ಬೆಲ್ಲ ಅಚ್ಚಿನಲ್ಲಿ ನಿಲ್ಲದು, ತಡವಾದರೆ ಸೀದುಹೋಗುತ್ತದೆ. ಮಿದುಳು ಬೆಳೆಯುವಾಗಲೂ ಹೀಗೆ ಹದ ಕಾಯುವ ಒಂದು ಪ್ರೋಟೀನ್ ಇದೆ. ಹೆಸರು ಮೆಕ್‌ಪಿ2.

ನಮ್ಮ ಚರ್ಮದ ಕೋಶದಲ್ಲೂ ಮಿದುಳಿನ ಕೋಶದಲ್ಲೂ ಇರುವುದು ಸುಮಾರು 20,000 ವಂಶವಾಹಿಗಳ ಅದೇ ಗ್ರಂಥ. ಯಾವ ಪುಟ ತೆರೆಯಬೇಕು, ಯಾವುದನ್ನು ಮುಚ್ಚಿಡಬೇಕು ಎಂಬುದರಲ್ಲೇ ಕೋಶಗಳ ವ್ಯತ್ಯಾಸ. ಡಿಎನ್‌ಎ ಮೇಲೆ ಮೀಥೈಲ್ ಎಂಬ ಸಣ್ಣ ರಾಸಾಯನಿಕ ಗುರುತುಗಳಿರುತ್ತವೆ. ಮೆಕ್‌ಪಿ2 ಆ ಗುರುತುಗಳನ್ನು ಹುಡುಕಿ ಹಿಡಿದು, ವಂಶವಾಹಿಗಳ ದನಿಯನ್ನು ಎಷ್ಟು ಬೇಕೋ ಅಷ್ಟಕ್ಕೆ ತಗ್ಗಿಸುತ್ತದೆ. ಏಡ್ರಿಯನ್ ಬರ್ಡ್ ಅವರ ತಂಡ 1992ರಲ್ಲಿ ಇದನ್ನು ಗುರುತಿಸಿದಾಗ, ಇದು ಮಕ್ಕಳ ಕಾಯಿಲೆಯೊಂದರ ಬೀಗದ ಕೈ ಎಂದು ಯಾರಿಗೂ ಗೊತ್ತಿರಲಿಲ್ಲ.

ಆ ಕಾಯಿಲೆಯ ಕತೆ ಶುರುವಾದದ್ದು ವಿಯೆನ್ನಾದ ವೈದ್ಯ ಆಂಡ್ರಿಯಾಸ್ ರೆಟ್ ಅವರ ಚಿಕಿತ್ಸಾಲಯದಲ್ಲಿ. 1954ರ ಒಂದು ದಿನ ಇಬ್ಬರು ತಾಯಂದಿರು ಹೆಣ್ಣುಮಕ್ಕಳನ್ನು ಮಡಿಲಲ್ಲಿ ಕೂರಿಸಿಕೊಂಡು ಸರದಿಗಾಗಿ ಕಾಯುತ್ತಿದ್ದರು. ಇಬ್ಬರು ಮಕ್ಕಳೂ ಒಂದೇ ರೀತಿ ಕೈ ಹೊಸೆಯುತ್ತಿದ್ದುದು ರೆಟ್ ಅವರ ಕಣ್ಣಿಗೆ ಬಿತ್ತು. 1966ರಲ್ಲಿ ಅವರು ಅದನ್ನು ಬರೆದು ಪ್ರಕಟಿಸಿದರೂ, ಜಗತ್ತಿನ ವೈದ್ಯರು ಗಮನ ಕೊಟ್ಟದ್ದು 1983ರಲ್ಲಿ, ಸ್ವೀಡನ್ನಿನ ಬೆಂಗ್ಟ್ ಹಾಗ್‌ಬರ್ಗ್ ಮತ್ತು ಸಂಗಡಿಗರು ಬರೆದ ಮೇಲೆ. ಇಂಥ ಮಗು ಹುಟ್ಟಿದಾಗ ಸರಿಯಾಗಿಯೇ ಇರುತ್ತದೆ, ನಗುತ್ತದೆ, ಆಟಿಕೆ ಹಿಡಿಯುತ್ತದೆ. ಆರು ತಿಂಗಳಿಂದ ಒಂದೂವರೆ ವರ್ಷದ ನಡುವೆ ಬೆಳವಣಿಗೆ ನಿಧಾನವಾಗಿ, ಕಲಿತ ಮಾತು ಜಾರುತ್ತದೆ, ಕೈ ಹಿಡಿತ ತಪ್ಪುತ್ತದೆ. ನರಕೋಶಗಳು ಬಲಿಯುತ್ತ ಹೋದಂತೆ ಅವಕ್ಕೆ ಮೆಕ್‌ಪಿ2 ಹೆಚ್ಚು ಹೆಚ್ಚು ಬೇಕು. ಕೊರತೆ ಹೊರಗೆ ಕಾಣಿಸುವುದು ಆಗಲೇ.

1999ರಲ್ಲಿ ಹುದಾ ಜೋಗ್ಬಿ ಅವರ ಪ್ರಯೋಗಾಲಯ ಈ ಕಾಯಿಲೆಯ, ಅಂದರೆ ರೆಟ್ ಸಿಂಡ್ರೋಮಿನ, ಮೂಲ ಈ ಪ್ರೋಟೀನಿನ ವಂಶವಾಹಿಯಲ್ಲಿದೆ ಎಂದು ತೋರಿಸಿತು. ಮುಂದೆ ಇನ್ನೊಂದು ಸತ್ಯವೂ ತಿಳಿಯಿತು: ಅದೇ ವಂಶವಾಹಿ ಒಂದರ ಬದಲು ಎರಡಾಗಿ ಪ್ರೋಟೀನ್ ಹೆಚ್ಚಾದರೂ ಮಗುವಿನ ನರಮಂಡಲ ನರಳುತ್ತದೆ. ಕಡಿಮೆಯಾದರೂ ಕಷ್ಟ, ಹೆಚ್ಚಾದರೂ ಕಷ್ಟ. ಕೊಪ್ಪರಿಗೆಯ ಮುಂದೆ ನಿಂತವನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2007ರಲ್ಲಿ ಬರ್ಡ್ ಅವರ ತಂಡ, ಕಾಯಿಲೆ ಬಿದ್ದ ಇಲಿಗಳಲ್ಲಿ ಮುಚ್ಚಿಹೋಗಿದ್ದ ಈ ವಂಶವಾಹಿಯನ್ನು ಮತ್ತೆ ತೆರೆಯಿತು. ಸಾಯುವ ಹಂತದಲ್ಲಿದ್ದ ಇಲಿಗಳು ಚೇತರಿಸಿಕೊಂಡವು. ನರಕೋಶಗಳು ಸತ್ತಿರಲಿಲ್ಲ, ಕಾಯುತ್ತಿದ್ದವು.

ಗೆಳೆಯರೇ, ಇಲ್ಲಿಯವರೆಗೆ ಹೇಳಿದ್ದು ಪ್ರಯೋಗಾಲಯದ ಮಾತು. ಇನ್ನು ಮನೆಯ ಮಾತು. ನಮ್ಮ ಊರುಗಳಲ್ಲಿ ಮಗು ಹೀಗಾದರೆ ಮೊದಲ ಬೆರಳು ತಾಯಿಯ ಕಡೆಗೆ ಏಳುತ್ತದೆ. ಬಸುರಿಯಾಗಿದ್ದಾಗ ಏನು ತಿಂದಳೋ, ಯಾವ ಗ್ರಹಣ ನೋಡಿದಳೋ, ಯಾರ ಶಾಪವೋ ಎನ್ನುತ್ತಾರೆ. ವಿಜ್ಞಾನ ಹೇಳುವುದು ಸ್ಪಷ್ಟವಾಗಿದೆ: ಈ ಬದಲಾವಣೆ ಬಹುಪಾಲು ಹೊಸದಾಗಿ, ಆಕಸ್ಮಿಕವಾಗಿ ಆಗುವಂಥದ್ದು, ಅದೂ ಹೆಚ್ಚಾಗಿ ತಂದೆಯ ವೀರ್ಯಾಣುವಿನಲ್ಲಿ. ಹಾಗೆಂದು ಬೆರಳನ್ನು ತಂದೆಯ ಕಡೆ ತಿರುಗಿಸುವಂತೆಯೂ ಇಲ್ಲ. ಇದರಲ್ಲಿ ಯಾರ ತಪ್ಪೂ ಇಲ್ಲ. ಈ ಒಂದು ವಾಕ್ಯ ಜಗಲಿಯ ಮೇಲೆ ಕುಳಿತ ಒಬ್ಬ ತಾಯಿಗೆ ತಲುಪಿದರೆ, ಅವಳ ಎದೆಯ ಮೇಲಿನ ಕಲ್ಲು ಇಳಿಯುತ್ತದೆ. ಅದನ್ನು ತಲುಪಿಸುವ ಕೆಲಸ ಓದಿದವರದು.

ಶಿಕಾರಿಪುರದ ಬಳ್ಳಿಗಾವಿಯಲ್ಲಿ ಕೋಡಿಯ ಮಠವಿತ್ತು. ಅಲ್ಲಿ ವೇದ, ವ್ಯಾಕರಣ, ದರ್ಶನಗಳ ಓದು ನಡೆಯುತ್ತಿತ್ತು ಎಂದು 1162ರ ಶಾಸನ ಹೇಳುತ್ತದೆ. ಅದೇ ಶಾಸನ ಅದೇ ಉಸಿರಿನಲ್ಲಿ, ಅಲ್ಲಿ ದೀನರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ ಅನ್ನವಿತ್ತು, ದಿಕ್ಕಿಲ್ಲದ ರೋಗಿಗಳಿಗೆ ಮದ್ದಿತ್ತು ಎಂದೂ ಹೇಳುತ್ತದೆ. ಓದು ಮತ್ತು ಆರೈಕೆ ಒಂದೇ ಸೂರಿನಡಿ ಇದ್ದ ನೆಲ ನಮ್ಮದು.

ರೆಟ್ ಸಿಂಡ್ರೋಮನ್ನು ಪೂರ್ತಿ ಗುಣಪಡಿಸುವ ಮದ್ದು ಇನ್ನೂ ಬಂದಿಲ್ಲ. ಅದಕ್ಕೆಂದೇ ತಯಾರಾದ ಮೊದಲ ಔಷಧ ಟ್ರೊಫಿನೆಟೈಡ್‌ಗೆ ಅಮೆರಿಕ 2023ರಲ್ಲಿ ಒಪ್ಪಿಗೆ ಕೊಟ್ಟಿತು. ಅದು ಲಕ್ಷಣಗಳನ್ನು ಒಂದಿಷ್ಟು ತಗ್ಗಿಸಬಲ್ಲದು, ಅಷ್ಟೇ. ಆದರೂ ಮಾಡಬಹುದಾದದ್ದು ಬಹಳವಿದೆ. ಫಿಟ್ಸ್‌ಗೆ ಔಷಧವಿದೆ, ಬೆನ್ನು ಬಾಗದಂತೆ ವ್ಯಾಯಾಮವಿದೆ, ಮಾತು ಹೋದ ಮಗು ಕಣ್ಣಿನಿಂದಲೇ ತನಗೆ ಬೇಕಾದದ್ದನ್ನು ತೋರಿಸುವ ಕಲಿಕೆಯಿದೆ. ಇಂಥ ಮಕ್ಕಳ ನರರೋಗಗಳಿಗಾಗಿ ನಮ್ಮ ರಾಜ್ಯದಲ್ಲೇ, 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್ ಇದೆ.

ನೀವು ಶಿಕ್ಷಕರಾಗಿ, ಅಧಿಕಾರಿಗಳಾಗಿ, ವಿಜ್ಞಾನಿಗಳಾಗಿ ಎಲ್ಲಿಗೇ ಹೋಗಿ. ಕಲಿತ ಮಾತನ್ನು ಮರೆಯುತ್ತಿರುವ ಮಗುವೊಂದು ಕಣ್ಣಿಗೆ ಬಿದ್ದರೆ, ದಾಟಿ ಹೋಗಬೇಡಿ. ಅದರ ತಾಯಿಯ ಪಕ್ಕದಲ್ಲಿ ಕುಳಿತುಕೊಳ್ಳಿ. ತಪ್ಪು ನಿನ್ನದಲ್ಲ ಎಂದು ಹೇಳಿ. ಆಮೇಲೆ ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ.