ಕೊನೆಯ ಸರಣಿಯಿಂದ ಆಟಗಾರನನ್ನು ಅಳೆಯಬೇಡಿ

(ಹಲಸೂರಿನಲ್ಲಿ ರಾಜ್ಯೋತ್ಸವದ ಸಂಜೆ ಮಾಡಿದ ಭಾಷಣ. ಓದುಗರಿಗಾಗಿ ಬರೆದುಕೊಟ್ಟದ್ದು.)



ನಾನು ಸಾಹಿತಿಯಲ್ಲ, ಕ್ರಿಕೆಟ್ ಪಂಡಿತನೂ ಅಲ್ಲ. ಪಿಯುಸಿ ಮುಗಿಸಿ ಅಪ್ಪನ ಪ್ರೆಸ್ಸಿಗೆ ಬಂದು ಕೂತವನು. ಬಿಲ್ ಬುಕ್ಕು, ಲಗ್ನಪತ್ರಿಕೆ, ಕರಪತ್ರ, ಇದೇ ನನ್ನ ಅನ್ನ. ಆದರೂ ಅಂಕಿಗಳ ಬಗ್ಗೆ ಎರಡು ಮಾತು ಆಡುವ ಹಕ್ಕು ನನಗಿದೆ ಅಂದುಕೊಂಡಿದ್ದೇನೆ. ಬಿಲ್ ಬುಕ್ಕಿನಲ್ಲಿ ಒಂದು ನಂಬರು ಹೆಚ್ಚುಕಡಿಮೆಯಾದರೆ ಇಡೀ ಪುಸ್ತಕ ರದ್ದಿಗೆ ಹೋಗುತ್ತದೆ. ಅಂಕಿಯನ್ನು ಎಲ್ಲಿಂದ ಎಲ್ಲಿವರೆಗೆ ಓದಬೇಕು ಅನ್ನುವುದು ನಮ್ಮ ಕಸುಬಿನ ಮೊದಲ ಪಾಠ.

೨೦೨೪-೨೫ರ ಆಸ್ಟ್ರೇಲಿಯಾ ಸರಣಿ ನಿಮಗೆ ನೆನಪಿರಬೇಕು. ಐದು ಟೆಸ್ಟುಗಳ ಸರಣಿಯನ್ನು ಭಾರತ ೩-೧ರಿಂದ ಸೋತಿತು. ಸರಣಿಯ ನಡುವೆಯೇ, ಬ್ರಿಸ್ಬೇನಿನ ಮೂರನೇ ಟೆಸ್ಟ್ ಮುಗಿದ ದಿನ, ೫೩೭ ವಿಕೆಟ್ ಪಡೆದಿದ್ದ ಅಶ್ವಿನ್ ಸಾಕು ಅಂದರು. ೨೦೨೫ರ ಮೇ ತಿಂಗಳಲ್ಲಿ ರೋಹಿತ್ ಶರ್ಮಾ, ಅವರ ಬೆನ್ನಿಗೇ ವಿರಾಟ್ ಕೊಹ್ಲಿ ಟೆಸ್ಟ್ ಬಿಟ್ಟರು. ಆ ಸರಣಿಯಲ್ಲಿ ರೋಹಿತ್ ಅವರದು ೫ ಇನಿಂಗ್ಸ್, ೩೧ ರನ್. ಕೊಹ್ಲಿಯವರದು ೯ ಇನಿಂಗ್ಸ್, ೧೯೦ ರನ್. ಅದರಲ್ಲಿ ನೂರು ರನ್ ಪರ್ತಿನ ಒಂದೇ ಇನಿಂಗ್ಸಿನದು. ಟೀ ಅಂಗಡಿಯಿಂದ ಟೀವಿವರೆಗೆ ಎಲ್ಲರ ಬಾಯಲ್ಲೂ ಇದೇ ಲೆಕ್ಕ. ೧೨೩ ಟೆಸ್ಟ್ ಆಡಿ ೯,೨೩೦ ರನ್ ಮಾಡಿದವನನ್ನು ೧೯೦ ರನ್ನಿನ ತಕ್ಕಡಿಯಲ್ಲಿಟ್ಟು ತೂಗಿದರು. ಇದೇ ಜನ ಮೇ ೧೭ರಂದು ಬಿಳಿ ಅಂಗಿ ತೊಟ್ಟು ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣ ತುಂಬಿಸಿದರು. ಮಳೆ ಬಂತು, ಪಂದ್ಯ ನಡೆಯಲಿಲ್ಲ. ಬಿಳಿ ಅಂಗಿಗಳು ನೆನೆದು ಮನೆಗೆ ಹೋದವು.

ನಾನು ಕೇಳುವುದು ಇಷ್ಟೇ. ದೊಡ್ಡ ಆಟಗಾರ ಹೊರಡುವಾಗ ಅವನ ಕೊನೆಯ ಸರಣಿಯ ಲೆಕ್ಕವನ್ನೇ ಯಾಕೆ ಮುಂದಿಡುತ್ತೇವೆ? ಹರಿದ ಕೊನೆ ಹಾಳೆ ನೋಡಿ ಪುಸ್ತಕದ ಬೆಲೆ ಕಟ್ಟುವವನಿಗೆ ನಾವು ಏನನ್ನುತ್ತೇವೆ?

ಇದಕ್ಕೆ ಸಾಕ್ಷಿ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಈ ಹಲಸೂರಿನಿಂದ ಎಂ.ಜಿ. ರಸ್ತೆ ಹಿಡಿದು ನೇರ ನಡೆದರೆ ಕೊನೆಗೆ ಸಿಗುವುದು ಅದೇ ಚಿನ್ನಸ್ವಾಮಿ. ೧೯೮೭ರ ಮಾರ್ಚಿನಲ್ಲಿ ಅಲ್ಲಿ ಪಾಕಿಸ್ತಾನದ ವಿರುದ್ಧ ಸರಣಿಯ ಐದನೇ ಟೆಸ್ಟ್ ನಡೆಯಿತು. ಚೆಂಡು ಬುಗುರಿಯಂತೆ ತಿರುಗುವ ಪಿಚ್ಚು. ಮಣಿಂದರ್ ಸಿಂಗ್ ೨೭ ರನ್ನಿಗೆ ೭ ವಿಕೆಟ್ ಕಿತ್ತು ಪಾಕಿಸ್ತಾನವನ್ನು ೧೧೬ಕ್ಕೆ ಉರುಳಿಸಿದರು. ಕೊನೆಗೆ ಭಾರತಕ್ಕೆ ೨೨೧ ಬೇಕಿತ್ತು. ಸುನಿಲ್ ಗವಾಸ್ಕರ್ ೯೬ ಹೊಡೆದರು, ನಾವು ೨೦೪ಕ್ಕೆ ಔಟಾದೆವು. ೧೬ ರನ್ನಿನಿಂದ ಪಂದ್ಯ ಹೋಯಿತು, ಅದರ ಜೊತೆ ಸರಣಿಯೂ ಹೋಯಿತು. ಗವಾಸ್ಕರ್ ಮತ್ತೆ ಟೆಸ್ಟ್ ಆಡಲಿಲ್ಲ. ೧೨೫ ಟೆಸ್ಟ್, ೧೦,೧೨೨ ರನ್, ೩೪ ಶತಕಗಳ ಲೆಕ್ಕ ನಮ್ಮ ಕಬ್ಬನ್ ಪಾರ್ಕಿನ ಪಕ್ಕದಲ್ಲಿ ಮುಗಿಯಿತು. ಆ ೯೬ ರನ್ ಎಲ್ಲರಿಗೂ ಗೊತ್ತು.

ಅದೇ ಟೆಸ್ಟಿನಲ್ಲಿ ಇನ್ನೊಬ್ಬರ ಲೆಕ್ಕವೂ ಮುಗಿಯಿತು. ರೋಜರ್ ಬಿನ್ನಿ, ನಮ್ಮ ಬೆಂಗಳೂರಿನವರೇ. ೧೯೭೯ರ ನವೆಂಬರಿನಲ್ಲಿ ಅವರು ಮೊದಲ ಟೆಸ್ಟ್ ಆಡಿದ್ದು ಇದೇ ಮೈದಾನದಲ್ಲಿ, ಇದೇ ಪಾಕಿಸ್ತಾನದ ವಿರುದ್ಧ. ಕೊನೆಯದೂ ಇಲ್ಲೇ, ಅದೇ ಪಾಕಿಸ್ತಾನದ ವಿರುದ್ಧ. ಒಂದೇ ತಿಂಗಳ ಹಿಂದೆ, ಅದೇ ಸರಣಿಯ ಕಲ್ಕತ್ತಾ ಟೆಸ್ಟಿನಲ್ಲಿ ೫೬ ರನ್ನಿಗೆ ೬ ವಿಕೆಟ್ ಪಡೆದಿದ್ದರು. ಟೆಸ್ಟಿನಲ್ಲಿ ಅವರ ಅತಿ ಒಳ್ಳೆಯ ಬೌಲಿಂಗ್ ಅದು. ಬೆಂಗಳೂರಿನ ಆ ಪಿಚ್ಚಿನಲ್ಲಿ ವೇಗದವರಿಗೆ ಕೆಲಸವೇ ಇರಲಿಲ್ಲ. ೧೯೮೩ರ ವಿಶ್ವಕಪ್ಪಿನಲ್ಲಿ ಎಲ್ಲರಿಗಿಂತ ಹೆಚ್ಚು, ೧೮ ವಿಕೆಟ್ ಪಡೆದ ಬೌಲರ್ ಸ್ವಂತ ಊರಿನ ಜನರ ಮುಂದೆ ಕೊನೆಯ ಟೆಸ್ಟ್ ಆಡಿದ. ಗವಾಸ್ಕರರ ೯೬ ನೆನಪಿಟ್ಟ ನಮ್ಮಲ್ಲಿ ಎಷ್ಟು ಜನರಿಗೆ ಇದು ಗೊತ್ತು? ಕೈ ಎತ್ತಿ ಅಂತ ಕೇಳುವುದಿಲ್ಲ, ನೀವೇ ಯೋಚಿಸಿ.

ಇನ್ನೂ ಹಿಂದಕ್ಕೆ ಹೋಗೋಣ. ಬಿ.ಎಸ್. ಚಂದ್ರಶೇಖರ್. ಪೋಲಿಯೋದಿಂದ ಸೊರಗಿದ ಬಲಗೈಯಲ್ಲೇ ಬೌಲ್ ಮಾಡಿದವರು. ೫೮ ಟೆಸ್ಟ್, ೨೪೨ ವಿಕೆಟ್. ಬ್ಯಾಟಿನಲ್ಲಿ ಹೊಡೆದದ್ದು ೧೬೭ ರನ್. ರನ್ನಿಗಿಂತ ವಿಕೆಟ್ಟೇ ಹೆಚ್ಚು. ೧೯೭೭-೭೮ರ ಸರಣಿಯಲ್ಲಿ ಮೆಲ್ಬರ್ನಿನ ಎರಡು ಇನಿಂಗ್ಸಿನಲ್ಲೂ ೫೨ ರನ್ನಿಗೆ ೬ ವಿಕೆಟ್. ಎರಡೂ ಸಲ ಒಂದೇ ಅಂಕಿ! ಪ್ರೂಫ್ ನೋಡುವವನು ಒಂದೇ ಸಾಲು ಎರಡು ಸಲ ಬಂದಿದೆ ಅಂತ ಹೊಡೆದುಹಾಕುತ್ತಿದ್ದ. ಆಸ್ಟ್ರೇಲಿಯಾ ನೆಲದಲ್ಲಿ ಭಾರತ ಮೊದಲ ಟೆಸ್ಟ್ ಗೆದ್ದದ್ದು ಹಾಗೆ. ಎರಡು ವರ್ಷ ತುಂಬುವ ಮೊದಲೇ, ೧೯೭೯ರ ಜುಲೈನಲ್ಲಿ, ಬರ್ಮಿಂಗ್‌ಹ್ಯಾಮಿನಲ್ಲಿ ಇಂಗ್ಲೆಂಡ್ ೫ ವಿಕೆಟ್ಟಿಗೆ ೬೩೩ ಹೊಡೆಯಿತು. ಚಂದ್ರ ಅವರಿಗೆ ಒಂದೂ ಸಿಗಲಿಲ್ಲ. ಅದೇ ಕೊನೆ. ಹಾರವಿಲ್ಲ, ಭಾಷಣವಿಲ್ಲ. ಮುಂದಿನ ತಂಡದ ಪಟ್ಟಿಯಲ್ಲಿ ಹೆಸರಿರಲಿಲ್ಲ, ಅಷ್ಟೇ.

ಭದ್ರಾವತಿಯ ಜಿ.ಆರ್. ವಿಶ್ವನಾಥ್ ಕಥೆಯೂ ಹಾಗೆಯೇ. ೧೯೮೨ರ ಜನವರಿಯಲ್ಲಿ ಮದ್ರಾಸಿನಲ್ಲಿ ಇಂಗ್ಲೆಂಡ್ ವಿರುದ್ಧ ೨೨೨ ಹೊಡೆದರು. ಮರುವರ್ಷವೇ ಪಾಕಿಸ್ತಾನದಲ್ಲಿ ಇಮ್ರಾನ್ ಖಾನ್ ೪೦ ವಿಕೆಟ್ ಕಿತ್ತ ಸರಣಿಯಲ್ಲಿ ಅವರ ಬ್ಯಾಟು ಮಾತಾಡಲಿಲ್ಲ. ಭಾರತ ೩-೦ಯಿಂದ ಸೋತಿತು, ವಿಶ್ವನಾಥ್ ಮತ್ತೆ ಟೆಸ್ಟ್ ಆಡಲಿಲ್ಲ. ೯೧ ಟೆಸ್ಟ್, ೬,೦೮೦ ರನ್. ಇಷ್ಟನ್ನು ಎಲ್ಲ ಪುಸ್ತಕಗಳೂ ಹೇಳುತ್ತವೆ. ಅವರ ೧೪ ಶತಕಗಳನ್ನು ಒಂದೊಂದಾಗಿ ಬಿಡಿಸಿ ನೋಡಿ: ನಾಲ್ಕು ಟೆಸ್ಟ್ ಗೆದ್ದದ್ದು, ಹತ್ತು ಡ್ರಾ. ವಿಶ್ವನಾಥ್ ನೂರು ಹೊಡೆದ ಒಂದು ಟೆಸ್ಟನ್ನೂ ಭಾರತ ಸೋಲಲಿಲ್ಲ. ಕೊನೆಯ ಸರಣಿಯ ಕಾಲಂನಲ್ಲಿ ಇದು ಎಲ್ಲಿದೆ?

ಅಂಕಿಗೆ ಸಿಗದ ಮಾತೂ ಒಂದಿದೆ. ೧೯೮೦ರ ಫೆಬ್ರವರಿಯಲ್ಲಿ ಬೊಂಬಾಯಿನ ಸುವರ್ಣ ಮಹೋತ್ಸವ ಟೆಸ್ಟಿಗೆ ವಿಶ್ವನಾಥ್ ನಾಯಕರು. ಇಂಗ್ಲೆಂಡ್ ೫ ವಿಕೆಟ್ ಕಳೆದುಕೊಂಡು ಒದ್ದಾಡುತ್ತಿದ್ದಾಗ ಬಾಬ್ ಟೇಲರ್ ಔಟೆಂದು ಅಂಪೈರ್ ಬೆರಳೆತ್ತಿದರು. ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ಅನಿಸಿದ ವಿಶ್ವನಾಥ್ ಅವರನ್ನು ವಾಪಸ್ ಕರೆದರು. ಟೇಲರ್ ಬೋಥಮ್ ಜೊತೆ ೧೭೧ ರನ್ ಸೇರಿಸಿದರು, ಭಾರತ ೧೦ ವಿಕೆಟ್ಟಿನಿಂದ ಸೋತಿತು. ಸ್ಕೋರು ಹಲಗೆಯಲ್ಲಿ ಅವರ ಹೆಸರಿನ ಮುಂದೆ ಸೋಲು ಅಂತ ಮಾತ್ರ ಇದೆ. ಆ ಸೋಲಿಗೆ ಕನ್ನಡಿಗರು ಇಂದಿಗೂ ಎದೆಯುಬ್ಬಿಸಿಕೊಂಡು ನಡೆಯುತ್ತೇವೆ.

ಈಗ ನಮ್ಮ ಕಣ್ಣೆದುರಿನ ಕಾಲಕ್ಕೆ ಬರೋಣ. ೨೦೦೮ರ ಆಸ್ಟ್ರೇಲಿಯಾ ಸರಣಿ. ಅಕ್ಟೋಬರಿನಲ್ಲಿ ಮೊದಲ ಟೆಸ್ಟ್ ಚಿನ್ನಸ್ವಾಮಿಯಲ್ಲೇ, ನಾಯಕ ಅನಿಲ್ ಕುಂಬ್ಳೆ. ಎರಡೂ ಇನಿಂಗ್ಸಿನಲ್ಲಿ ಅವರಿಗೆ ಒಂದೂ ವಿಕೆಟ್ ಬರಲಿಲ್ಲ. ಗಾಯದಿಂದ ಮೊಹಾಲಿ ಟೆಸ್ಟ್ ತಪ್ಪಿತು. ದೆಹಲಿಯ ಕೋಟ್ಲಾದಲ್ಲಿ ಬೆರಳಿಗೆ ಏಟಾಗಿ, ಹೊಲಿಗೆ ಹಾಕಿಸಿಕೊಂಡು ಬಂದು ಮತ್ತೆ ಬೌಲ್ ಮಾಡಿದರು. ಮಿಚೆಲ್ ಜಾನ್ಸನ್ ಹೊಡೆದ ಚೆಂಡನ್ನು ಹಿಂದಕ್ಕೆ ಓಡಿ ತಾವೇ ಹಿಡಿದರು. ಅದು ೬೧೯ನೆಯದು. ನವೆಂಬರ್ ೨ರಂದು, ಪಂದ್ಯದ ಕೊನೆಯ ದಿನ, ಹೊರಡುತ್ತೇನೆ ಅಂದರು. ಸರಣಿಯ ಲೆಕ್ಕ: ೨ ಟೆಸ್ಟ್, ೩ ವಿಕೆಟ್. ಸರಣಿಯನ್ನು ಭಾರತ ೨-೦ಯಿಂದ ಗೆದ್ದಿತು.

ಆ ೩ರ ಪಕ್ಕದಲ್ಲಿ ಇದನ್ನೂ ಬರೆದುಕೊಳ್ಳಿ. ಇದೇ ಕೋಟ್ಲಾದಲ್ಲಿ ೧೯೯೯ರ ಫೆಬ್ರವರಿ ೭ರಂದು ಪಾಕಿಸ್ತಾನದ ಹತ್ತಕ್ಕೆ ಹತ್ತೂ ವಿಕೆಟ್ಟನ್ನು ೭೪ ರನ್ನಿಗೆ ಕಿತ್ತವರು ಇವರೇ. ಒಂಬತ್ತಾದ ಮೇಲೆ ಇನ್ನೊಂದು ತುದಿಯಿಂದ ಜಾವಗಲ್ ಶ್ರೀನಾಥ್ ಬೇಕೆಂದೇ ವಿಕೆಟ್ಟಿನಿಂದ ಆಚೆ ಚೆಂಡು ಹಾಕಿದರು, ಗೆಳೆಯನ ಹತ್ತನೆಯದು ತಪ್ಪಬಾರದು ಅಂತ. ಶ್ರೀನಾಥರ ಲೆಕ್ಕದಲ್ಲಿ ಅದು ಬರೀ ಹಾಳು ಓವರು. ಕರ್ನಾಟಕದ ಲೆಕ್ಕದಲ್ಲಿ ಅದೇ ದೊಡ್ಡ ಓವರು. ೧೩೨ ಟೆಸ್ಟಿನಲ್ಲಿ ೬೧೯ ವಿಕೆಟ್, ಇಂದಿಗೂ ಭಾರತದ ದಾಖಲೆ.

ಅವರ ಹೆಸರನ್ನೂ ಗಮನಿಸಿ. ಕುಂಬಳೆ ಕಾಸರಗೋಡಿನ ಊರು. ಮನೆತನದ ಮೂಲ ಅಲ್ಲಿಯದು. ೧೯೫೬ರಲ್ಲಿ ರಾಜ್ಯಗಳ ವಿಂಗಡಣೆಯಾದಾಗ ಕಾಸರಗೋಡು ಕೇರಳದ ಪಾಲಾಯಿತು. ಆ ಗಡಿನಾಡಿನ ಊರಿನ ಹೆಸರು ಲಾರ್ಡ್ಸಿನಿಂದ ಸಿಡ್ನಿವರೆಗೆ ೬೧೯ ಸಲ ಸ್ಕೋರು ಪುಸ್ತಕದಲ್ಲಿ ಅಚ್ಚಾಯಿತು. ಯಾವ ಆಯೋಗವೂ ಅದನ್ನು ಅಳಿಸಲಾರದು.

ಇನ್ನು ನಮ್ಮ ಇಂದಿರಾನಗರದ ರಾಹುಲ್ ದ್ರಾವಿಡ್. ೨೦೧೧ರ ಬೇಸಿಗೆಯಲ್ಲಿ ಇಂಗ್ಲೆಂಡ್ ನಮ್ಮನ್ನು ೪-೦ಯಿಂದ ಮುಗಿಸಿತು. ಆ ಸೋಲಿನಲ್ಲಿ ದ್ರಾವಿಡ್ ಒಬ್ಬರೇ ನಿಂತರು: ೪೬೧ ರನ್, ಮೂರು ಶತಕ. ಓವಲ್ಲಿನಲ್ಲಿ ಮೊದಲ ಚೆಂಡಿನಿಂದ ಕೊನೆಯ ವಿಕೆಟ್ ಬೀಳುವವರೆಗೆ ಇದ್ದು ಔಟಾಗದೆ ೧೪೬. ಆರು ತಿಂಗಳೂ ಕಳೆಯಲಿಲ್ಲ, ಆಸ್ಟ್ರೇಲಿಯಾದಲ್ಲಿ ಮತ್ತೆ ೪-೦. ಈ ಸಲ ೮ ಇನಿಂಗ್ಸಿನಲ್ಲಿ ೧೯೪ ರನ್, ಆರು ಸಲ ಬೌಲ್ಡ್. ಗೋಡೆ ಬಿರುಕು ಬಿಟ್ಟಿದೆ ಅಂತ ತಲೆಬರಹಗಳು. ೨೦೧೨ರ ಮಾರ್ಚ್ ೯ರಂದು ಚಿನ್ನಸ್ವಾಮಿಯಲ್ಲಿ ಪತ್ರಕರ್ತರನ್ನು ಕರೆದು ವಿದಾಯ ಹೇಳಿದರು. ಆಗ ರಾಜ್ಯ ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷರಾಗಿದ್ದ ಕುಂಬ್ಳೆ ಪಕ್ಕದಲ್ಲೇ ಇದ್ದರು.

೧೬೪ ಟೆಸ್ಟ್, ೧೩,೨೮೮ ರನ್, ೩೬ ಶತಕ, ೨೧೦ ಕ್ಯಾಚ್. ನನಗೆ ಬೇಕಾದ ಅಂಕಿ ಬೇರೆಯದು: ಟೆಸ್ಟಿನಲ್ಲಿ ಅವರು ಎದುರಿಸಿದ ಚೆಂಡು ೩೧,೨೫೮. ಪ್ರಪಂಚದಲ್ಲಿ ಇಷ್ಟು ಚೆಂಡು ಎದುರಿಸಿದವರು ಇನ್ನೊಬ್ಬರಿಲ್ಲ. ದುಡಿಯುವವನಿಗೆ ಈ ಅಂಕಿಯ ಬೆಲೆ ಗೊತ್ತು. ದಿನಕ್ಕೆಷ್ಟು ಸಂಪಾದಿಸಿದೆ ಅನ್ನುವುದು ಒಂದು ಲೆಕ್ಕ, ಎಷ್ಟು ಹೊತ್ತು ನಿಂತು ದುಡಿದೆ ಅನ್ನುವುದು ಇನ್ನೊಂದು. ಆರು ಸಲ ಗೂಟ ಹಾರಿದ್ದನ್ನು ಹೇಳುವವರು ಈ ೩೧,೨೫೮ನ್ನೂ ಹೇಳಲಿ.

ಹೆಣ್ಣುಮಕ್ಕಳ ಲೆಕ್ಕವನ್ನಂತೂ ನಾವು ಇಡಲೇ ಇಲ್ಲ. ಭಾರತದ ಮಹಿಳೆಯರು ಮೊಟ್ಟಮೊದಲ ಟೆಸ್ಟ್ ಆಡಿದ್ದು ಬೆಂಗಳೂರಿನಲ್ಲಿ, ೧೯೭೬ರ ಅಕ್ಟೋಬರ್ ೩೧ರಿಂದ. ಅವತ್ತಿನ ನಾಯಕಿ ನಮ್ಮೂರಿನ ಶಾಂತಾ ರಂಗಸ್ವಾಮಿ. ಮರುವರ್ಷ ನ್ಯೂಜಿಲೆಂಡಿನಲ್ಲಿ ೧೦೮ ಹೊಡೆದು ಟೆಸ್ಟ್ ಶತಕ ಮಾಡಿದ ಮೊದಲ ಭಾರತೀಯ ಮಹಿಳೆಯಾದರು. ಶಾಲೆಯ ಯಾವ ಗೋಡೆಯ ಮೇಲೆ ಇದನ್ನು ಬರೆದಿದ್ದೇವೆ?

ಬಂಧುಗಳೇ, ಬೇರೆಯವರನ್ನು ಬೈದು ಪ್ರಯೋಜನವಿಲ್ಲ. ಲೆಕ್ಕ ಬರೆಯುವ ಕೈ ಯಾರದೋ ನೆನಪೂ ಅವರದೇ. ಇಂಗ್ಲಿಷಿನಲ್ಲಿ ಕ್ರಿಕೆಟ್ ಲೆಕ್ಕದ ದಪ್ಪ ದಪ್ಪ ಪುಸ್ತಕಗಳು ವರ್ಷವರ್ಷ ಬರುತ್ತವೆ. ನಮ್ಮಲ್ಲಿ ದಿನಪತ್ರಿಕೆಯ ಸ್ಕೋರು ಬೆಳಗ್ಗೆ ಓದಿ ಸಂಜೆ ಬೋಂಡಾ ಕಟ್ಟಲು ಹೋಗುತ್ತದೆ. ಹಾಗಾಗಿಯೇ ಕೊನೆಗೆ ಉಳಿಯುವುದು ಕೊನೆಯ ಸರಣಿಯ ಬೈಗುಳ ಮಾತ್ರ.

ನಮ್ಮ ಶಿವಾಜಿನಗರದ ಗಲ್ಲಿ, ಹಲಸೂರಿನ ಮೈದಾನ, ಕೆ.ಆರ್. ಪುರದ ಖಾಲಿ ಸೈಟು, ಎಲ್ಲ ಕಡೆ ಹುಡುಗರು ಆಡುತ್ತಾರೆ. ಮನೆಯಲ್ಲಿ ಉರ್ದು, ತಮಿಳು, ತೆಲುಗು ಆಡುವ ಮಕ್ಕಳೂ ಔಟೋ ನಾಟೌಟೋ ಅಂತ ಜಗಳಕ್ಕೆ ನಿಂತಾಗ ಕನ್ನಡವನ್ನೇ ಎತ್ತಿಕೊಳ್ಳುತ್ತಾರೆ. ಜಗಳಕ್ಕೆ ಆಗುವ ಭಾಷೆ ಲೆಕ್ಕಕ್ಕೆ ಯಾಕೆ ಆಗಬಾರದು? ವಿಕೆಟ್ಟೋ ಹುದ್ದರಿಯೋ ಅಂತ ನಾವು ಪದಕ್ಕಾಗಿ ಹೊಡೆದಾಡುವುದು ಬೇಡ. ವಿಕೆಟ್, ಓವರ್, ರನ್ ಈಗ ನಮ್ಮ ಮನೆಯ ಮಾತುಗಳೇ. ಅಕ್ಷರ ಕನ್ನಡದ್ದಾಗಲಿ, ಅಂಕಿ ಕನ್ನಡದ್ದಾಗಲಿ.

ನನ್ನ ಕೈಲಾದದ್ದು ಹೇಳುತ್ತೇನೆ. ಕನ್ನಡದಲ್ಲಿ ಸ್ಕೋರು ಪುಸ್ತಕ ಅಚ್ಚು ಹಾಕಿಕೊಡುತ್ತೇನೆ. ಆಟಗಾರನ ಹೆಸರು, ಹೇಗೆ ಔಟ್, ಬೌಲರ್, ರನ್. ಕೆಳಗೆ ಓವರ್, ಮೇಡನ್, ರನ್, ವಿಕೆಟ್. ಜೊತೆಗೆ ಒಂದು ಕಾಲಂ ಹೆಚ್ಚಿಗೆ: ಎದುರಿಸಿದ ಚೆಂಡು. ಈ ಭಾಗದ ಯಾವ ಕ್ಲಬ್ಬು, ಯಾವ ಸರ್ಕಾರಿ ಶಾಲೆ ಬಂದರೂ ಕಾಗದದ ದುಡ್ಡು ಮಾತ್ರ ಕೊಡಿ, ಅಚ್ಚಿನ ಕೂಲಿ ಬೇಡ. ಷರತ್ತು ಒಂದೇ. ಸೋತ ಪಂದ್ಯವನ್ನೂ ಬರೆಯಬೇಕು, ಸೊನ್ನೆಗೆ ಔಟಾದವನ ಹೆಸರನ್ನೂ ಪೂರ್ತಿ ಬರೆಯಬೇಕು, ಪುಸ್ತಕ ತುಂಬಿದ ಮೇಲೆ ರದ್ದಿಗೆ ಹಾಕದೆ ಶಾಲೆಯ ಬೀರುವಿನಲ್ಲಿ ಇಡಬೇಕು.

ನಾಳೆ ಈ ಹುಡುಗರಲ್ಲಿ ಒಬ್ಬ ಟೆಸ್ಟ್ ಆಡುತ್ತಾನೆ. ಅವನಿಗೂ ಒಂದು ದಿನ ಚೆಂಡು ಕಾಣಿಸುವುದಿಲ್ಲ, ಕೈ ತಿರುಗುವುದಿಲ್ಲ. ಅವತ್ತು ಅವನನ್ನು ಹೀಯಾಳಿಸುವವರ ಮುಂದೆ ಮೊದಲ ಪುಟದಿಂದ ಪುಸ್ತಕ ಬಿಚ್ಚಿ ತೋರಿಸಲು ನಮ್ಮ ಹತ್ತಿರ ಕನ್ನಡದ ಲೆಕ್ಕ ಇರಲಿ. ಪ್ರೆಸ್ಸಿನ ಬಾಗಿಲು ತೆರೆದೇ ಇದೆ, ಬನ್ನಿ.

ಜೈ ಕರ್ನಾಟಕ.