ನಾಜಿಯಾ ಹಸನ್: ಶಾಲೆಯ ವಯಸ್ಸಿನ ಪಾಪ್ ಗಾಯಕಿ

ನಾಜಿಯಾ ಹಸನ್ ಹುಟ್ಟಿದ್ದು 1965ರ ಏಪ್ರಿಲ್ 3ರಂದು, ಪಾಕಿಸ್ತಾನದ ಕರಾಚಿಯಲ್ಲಿ. ಬೆಳೆದದ್ದು ಕರಾಚಿ, ಲಂಡನ್ ಎರಡೂ ಕಡೆ. ಚಿಕ್ಕಂದಿನಲ್ಲೇ ತಮ್ಮ ಜೊಹೇಬ್ ಜೊತೆ ಪಾಕಿಸ್ತಾನದ ಟೆಲಿವಿಷನ್‌ನ ಮಕ್ಕಳ ಕಾರ್ಯಕ್ರಮಗಳಲ್ಲಿ ಹಾಡುತ್ತಿದ್ದರು. ಹಾಡುವುದೇ ಕಸುಬಾಗಬೇಕೆಂಬ ಯೋಚನೆ ಅವರ ಮನೆಯಲ್ಲಿ ಇರಲಿಲ್ಲ. ಓದು ಮೊದಲು, ಹಾಡು ಆಮೇಲೆ.

ಲಂಡನ್ನಿನ ಒಂದು ಔತಣಕೂಟದಲ್ಲಿ ಹಿಂದಿ ಚಿತ್ರ ನಿರ್ಮಾಪಕ, ನಟ ಫಿರೋಜ್ ಖಾನ್ ಅವರಿಗೆ ನಾಜಿಯಾ ಪರಿಚಯವಾಯಿತು. ಆಗ ಅವರು 'ಕುರ್ಬಾನಿ' ಚಿತ್ರ ತಯಾರಿಸುತ್ತಿದ್ದರು. ಚಿತ್ರದ ಸಂಗೀತ ಕಲ್ಯಾಣ್‌ಜಿ-ಆನಂದ್‌ಜಿ ಅವರದು. ಒಂದು ಹಾಡನ್ನು ಮಾತ್ರ ಲಂಡನ್ನಿನಲ್ಲಿ ನೆಲೆಸಿದ್ದ ಬಿದ್ದು ಅವರಿಗೆ ವಹಿಸಲಾಯಿತು. ಬಿದ್ದು ಅಪ್ಪಯ್ಯ ಬೆಂಗಳೂರಿನಲ್ಲಿ ಹುಟ್ಟಿದ ಕೊಡವರು. ಇಲ್ಲಿ ಗಿಟಾರ್ ಹಿಡಿದು ಬ್ಯಾಂಡ್ ಕಟ್ಟಿ, 1960ರ ದಶಕದಲ್ಲಿ ಇಂಗ್ಲೆಂಡಿಗೆ ಹೋದವರು. ಅವರು ನಿರ್ಮಿಸಿದ 'ಕುಂಗ್ ಫು ಫೈಟಿಂಗ್' ಹಾಡು 1974ರಲ್ಲಿ ಬ್ರಿಟನ್, ಅಮೆರಿಕ ಎರಡರಲ್ಲೂ ಮೊದಲ ಸ್ಥಾನಕ್ಕೇರಿತ್ತು.

ಇಂದೀವರ್ ಬರೆದು ನಾಜಿಯಾ ಹಾಡಿದ 'ಆಪ್ ಜೈಸಾ ಕೋಯಿ' ಹೀಗೆ ಹುಟ್ಟಿದ ಹಾಡು. ಶುರುವಿಗೇ ಗಿಟಾರ್ ಮತ್ತು ತಾಳದ ಹಿಡಿತ. ಅದರ ಮೇಲೆ ಒಂದೇ ಕಂಠವನ್ನು ಮತ್ತೆ ಮತ್ತೆ ಧ್ವನಿಮುದ್ರಿಸಿ ಪದರ ಪದರವಾಗಿ ಕೂಡಿಸಿದ ದನಿ. ಗಮಕವಿಲ್ಲ, ತಾನವಿಲ್ಲ, ಕಸರತ್ತಿಲ್ಲ. ತುಸು ಮೂಗಿನಲ್ಲಿ ಹೊರಡುವ ಎಳೆಯ ದನಿ, ಪದಗಳನ್ನು ಸಲೀಸಾಗಿ ಹೇಳಿಬಿಡುತ್ತದೆ. ತೆರೆಯ ಮೇಲೆ ನೈಟ್ ಕ್ಲಬ್ಬಿನಲ್ಲಿ ಕೆಂಪು ಉಡುಪಿನ ಜೀನತ್ ಅಮಾನ್ ಹಾಡಿದಂತೆ ಕಾಣುತ್ತದೆ. ಕಂಠ ಮಾತ್ರ ಶಾಲೆಗೆ ಹೋಗುವ ವಯಸ್ಸಿನವರದು. ಲತಾ, ಆಶಾ ಅವರ ಪಳಗಿದ ಕಂಠಗಳಿಗೆ ಒಗ್ಗಿದ್ದ ಕಿವಿಗಳಿಗೆ ಈ ತರಬೇತಿಯಿಲ್ಲದ ದನಿಯೇ ಹೊಸ ರುಚಿಯಾಯಿತು. ಅದನ್ನು ಕೊರತೆಯೆಂದು ತಿದ್ದಲು ಹೋಗದೆ ಇದ್ದ ಹಾಗೆಯೇ ಬಳಸಿಕೊಂಡದ್ದು ಬಿದ್ದು ಅವರ ಜಾಣ್ಮೆ. ಚಿತ್ರ 1980ರಲ್ಲಿ ತೆರೆಕಂಡಿತು. 1981ರಲ್ಲಿ ನಾಜಿಯಾ ಅವರಿಗೆ ಫಿಲ್ಮ್‌ಫೇರ್‌ನ ಅತ್ಯುತ್ತಮ ಹಿನ್ನೆಲೆ ಗಾಯಕಿ ಪ್ರಶಸ್ತಿ ಸಿಕ್ಕಿತು. ಆ ಪ್ರಶಸ್ತಿ ಪಡೆದ ಮೊದಲ ಪಾಕಿಸ್ತಾನಿ ಅವರು.

ಅದೇ ವರ್ಷ ಅಕ್ಕ-ತಮ್ಮನ 'ಡಿಸ್ಕೋ ದೀವಾನೆ' ಆಲ್ಬಂ ಬಂತು. ಹಾಡೆಂದರೆ ಸಿನಿಮಾ ಹಾಡು ಎಂದೇ ನಂಬಿದ್ದ ಮಾರುಕಟ್ಟೆಯಲ್ಲಿ ನಾಯಕ-ನಾಯಕಿಯರ ಹಂಗಿಲ್ಲದ ತಟ್ಟೆಯೊಂದು ಹೀಗೆ ಬಿಸಿಬಿಸಿಯಾಗಿ ಮಾರಾಟವಾದದ್ದು ದೊಡ್ಡ ಸಂಗತಿ. ಅದರ ಕೀರ್ತಿ ದೂರದ ಬ್ರೆಜಿಲ್‌ವರೆಗೂ ಹಬ್ಬಿತು. 1982ರಲ್ಲಿ 'ಸ್ಟಾರ್' ಚಿತ್ರದ ಹಾಡುಗಳು, 1984ರಲ್ಲಿ 'ಯಂಗ್ ತರಂಗ್', 1987ರಲ್ಲಿ 'ಹಾಟ್‌ಲೈನ್' ಬಂದವು. ಪಾಕಿಸ್ತಾನದಲ್ಲಿ ಅದು ಜನರಲ್ ಜಿಯಾ ಉಲ್ ಹಕ್ ಅವರ ಆಳ್ವಿಕೆಯ ಕಾಲ. ಹೆಣ್ಣುಮಗಳೊಬ್ಬಳು ಪಾಪ್ ಹಾಡುವುದು ಹಗುರವಾದ ಮಾತಾಗಿರಲಿಲ್ಲ. ಆ ಆಳ್ವಿಕೆ ಮುಗಿದ ಮೇಲೆ ಅಕ್ಕ-ತಮ್ಮ ನಡೆಸಿಕೊಟ್ಟ 'ಮ್ಯೂಸಿಕ್ 89' ಎಂಬ ಟೆಲಿವಿಷನ್ ಕಾರ್ಯಕ್ರಮ ವೈಟಲ್ ಸೈನ್ಸ್‌ನಂಥ ತರುಣರ ತಂಡಗಳಿಗೆ ವೇದಿಕೆಯಾಯಿತು.

ಇಷ್ಟೆಲ್ಲದರ ನಡುವೆ ಓದು ನಿಲ್ಲಲಿಲ್ಲ. ಲಂಡನ್ನಿನಲ್ಲಿ ವ್ಯವಹಾರ ಆಡಳಿತ, ಅರ್ಥಶಾಸ್ತ್ರ ಓದಿ, ಕಾನೂನು ಪದವಿಯನ್ನೂ ಪಡೆದರು. 1990ರ ದಶಕದ ಆರಂಭದಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಕೆಲಸ ಮಾಡಿದರು. ಹದಿಹರೆಯದಲ್ಲೇ ಹೆಸರು ಬಂದವರಿಗೆ ಅದನ್ನು ಬಿಟ್ಟು ಇನ್ನೊಂದು ಬದುಕು ಕಟ್ಟಿಕೊಳ್ಳುವುದು ಸುಲಭವಲ್ಲ. ನಾಜಿಯಾ ಅವರು ಮನಸ್ಸಿಟ್ಟು ಆ ದಾರಿ ಹಿಡಿದದ್ದು ಅವರ ಹಾಡುಗಳಷ್ಟೇ ಮೆಚ್ಚತಕ್ಕದ್ದು. 1992ರ 'ಕ್ಯಾಮರಾ ಕ್ಯಾಮರಾ' ಅವರ ಕೊನೆಯ ಆಲ್ಬಂ. ಅದನ್ನು ಮಾದಕ ವಸ್ತುಗಳ ವಿರುದ್ಧದ ಪ್ರಚಾರಕ್ಕೆ ಜೋಡಿಸಿದ್ದರು.

'ಮೇಡ್ ಇನ್ ಇಂಡಿಯಾ' ಹಾಡನ್ನು ಬಿದ್ದು ಮೊದಲು ನೀಡಿದ್ದು ನಾಜಿಯಾ ಅವರಿಗೇ. ತಮ್ಮ ದೇಶದವರ ಮನಸ್ಸಿಗೆ ನೋವಾದೀತೆಂದು ಅವರು ಒಪ್ಪಲಿಲ್ಲ. 1995ರಲ್ಲಿ ಅದನ್ನು ಹಾಡಿ ಅಲಿಶಾ ಚಿನಾಯ್ ಮನೆಮಾತಾದರು.

ಶ್ವಾಸಕೋಶದ ಕ್ಯಾನ್ಸರ್‌ನಿಂದ ನರಳಿ, 2000ದ ಆಗಸ್ಟ್ 13ರಂದು ಲಂಡನ್ನಿನಲ್ಲಿ ನಾಜಿಯಾ ತೀರಿಕೊಂಡರು. ಆಗ ವಯಸ್ಸು 35. 2002ರಲ್ಲಿ ಪಾಕಿಸ್ತಾನ ಸರ್ಕಾರ ಮರಣೋತ್ತರವಾಗಿ 'ಪ್ರೈಡ್ ಆಫ್ ಪರ್ಫಾರ್ಮೆನ್ಸ್' ಗೌರವ ನೀಡಿತು. 'ಡಿಸ್ಕೋ ದೀವಾನೆ'ಯ ಪಲ್ಲವಿಯನ್ನು 2012ರ 'ಸ್ಟೂಡೆಂಟ್ ಆಫ್ ದಿ ಇಯರ್' ಹಿಂದಿ ಚಿತ್ರದಲ್ಲಿ ಮತ್ತೆ ಬಳಸಿಕೊಳ್ಳಲಾಯಿತು.