ಹೆಸರಿನ ಜೊತೆಯ ಎರಡಕ್ಷರ

  

ಲೆಕ್ಕಪರಿಶೋಧಕರಾದ ನಮ್ಮ ವೃತ್ತಿಗೆ ಇಲ್ಲಿ ದುಬೈಯಲ್ಲಿ ಇಂಥ ಕಾಲ ಹಿಂದೆ ಬಂದಿರಲಿಲ್ಲ. 2018ರ ಜನವರಿಯಲ್ಲಿ ಯುಎಇ ಶೇ 5ರ ವ್ಯಾಟ್ ತಂದಿತು. 2023ರ ಜೂನ್‌ನಿಂದ, 3,75,000 ದಿರ್ಹಂ ದಾಟಿದ ಲಾಭಕ್ಕೆ ಶೇ 9ರ ಕಾರ್ಪೊರೇಟ್ ತೆರಿಗೆ ಬಂತು. ಲೆಕ್ಕದ ಪುಸ್ತಕವನ್ನೇ ಸರಿಯಾಗಿ ಇಡದೆ ವ್ಯಾಪಾರ ಮಾಡಿಕೊಂಡಿದ್ದವರೂ ಈಗ ಒಳ್ಳೆಯ ಅಕೌಂಟೆಂಟ್‌ಗಾಗಿ ಹುಡುಕುತ್ತಿದ್ದಾರೆ. ಊರಿನಿಂದ ಬರುವ ಹುಡುಗ ಹುಡುಗಿಯರಿಗೆ ಕೆಲಸವಿದೆ, ವಿದ್ಯೆಯೂ ಇದೆ. ಅಡ್ಡ ಬಂದು ನಿಂತಿರುವುದು ಅವರ ಹೆಸರು.

ಹದಿನೈದು ವರ್ಷದಿಂದ ನಾನು ಹೇಳುತ್ತಿರುವುದು ಇದೊಂದನ್ನೇ. ಇವತ್ತೂ ಹೇಳುತ್ತೇನೆ, ಬೇಸರಪಡಬೇಡಿ.

ಹಳೇ ಮೈಸೂರಿನ ಕಡೆ ನಮಗೆ ಮನೆತನದ ಹೆಸರಿಲ್ಲ. ಹುಟ್ಟಿದೂರಿಗೊಂದು ಅಕ್ಷರ, ಅಪ್ಪನಿಗೊಂದು ಅಕ್ಷರ, ಆಮೇಲೆ ನಾವು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹೆಸರಿನ ಹಿಂದೆ, ಪದವಿಪತ್ರದಲ್ಲಿ ಮುಂದೆ. ಪಾಸ್‌ಪೋರ್ಟಿನವರು ಇನಿಷಿಯಲ್ ಒಪ್ಪುವುದಿಲ್ಲ, ಬಿಡಿಸಿ ಬರೆಯಬೇಕು. ಆಗ ಅಪ್ಪನ ಹೆಸರೋ ಊರ ಹೆಸರೋ ‘ಸರ್‌ನೇಮ್’ ಆಗಿ ಕೂರುತ್ತದೆ. ಮಂಜುನಾಥ ಎಂಬುದಕ್ಕೆ ಇಂಗ್ಲಿಷಿನಲ್ಲಿ ಒಂದು ಕಡೆ ಕೊನೆಯ ‘ಎ’ ಇರುತ್ತದೆ, ಇನ್ನೊಂದು ಕಡೆ ಇರುವುದಿಲ್ಲ. ಮದುವೆಯಾದ ಹೆಣ್ಣುಮಕ್ಕಳ ಪಾಡಂತೂ ಕೇಳಬೇಡಿ. ಸಿಎ ಪ್ರಮಾಣಪತ್ರದಲ್ಲಿ ಅಪ್ಪನ ಅಕ್ಷರ, ಪಾಸ್‌ಪೋರ್ಟಿನಲ್ಲಿ ಗಂಡನ ಹೆಸರು.

ಈ ಕಾಗದಗಳು ರಾಜ್ಯ ಸರ್ಕಾರದ ದೃಢೀಕರಣ, ನಮ್ಮ ವಿದೇಶಾಂಗ ಸಚಿವಾಲಯ, ಯುಎಇ ರಾಯಭಾರ ಕಚೇರಿ ಎಲ್ಲ ಸುತ್ತಿ, ಕೊನೆಗೆ ಇಲ್ಲಿನ ವಿದೇಶಾಂಗ ಸಚಿವಾಲಯದ ಮೊಹರು ಬೀಳುವ ತನಕ ಅಲೆಯಬೇಕು. ಅಪೊಸ್ಟೀಲ್ ಒಪ್ಪಂದದಲ್ಲಿ ಭಾರತವಿದೆ, ಯುಎಇ ಇಲ್ಲ. ಹಾಗಾಗಿ ಒಂದೇ ಮೊಹರಿನಲ್ಲಿ ಮುಗಿಯುವುದಿಲ್ಲ. ಅಷ್ಟು ಸುತ್ತಿ ಬಂದ ಮೇಲೂ ಕಂಪನಿಯಲ್ಲಿ ವೀಸಾ ಕೆಲಸ ನೋಡುವ ಪಿಆರ್‌ಒ ಎರಡು ಹಾಳೆ ಪಕ್ಕಪಕ್ಕ ಇಟ್ಟು, “ಇವರಿಬ್ಬರಲ್ಲಿ ನೀನು ಯಾರು?” ಎನ್ನುತ್ತಾನೆ.

ನನ್ನನ್ನೂ ಹಾಗೇ ಕೇಳಿದ್ದರು. 1999ರಲ್ಲಿ ಸೀನಿಯರ್ ಅಕೌಂಟೆಂಟ್ ಹುದ್ದೆಯ ಪತ್ರ ಹಿಡಿದು ಬಂದವನು ನಾನು. ಹೆಸರು ತಾಳೆಯಾಗಲಿಲ್ಲವೆಂದು ಕ್ಲರ್ಕ್ ವೀಸಾ ಹೊಡೆದರು, ಸಂಬಳವನ್ನೂ ಅದಕ್ಕೆ ತಕ್ಕಂತೆ ಇಳಿಸಿದರು. ಹೆಂಡತಿ ಮಗುವನ್ನು ಕರೆಸಿಕೊಳ್ಳಲು ಎರಡೂವರೆ ವರ್ಷ ಹಿಡಿಯಿತು. ಮಗಳ ಮೊದಲ ಮಾತು ಕೇಳಿದ್ದು ಫೋನಿನಲ್ಲಿ.

2022ರ ನವೆಂಬರ್ ನಿಮಗೆ ನೆನಪಿರಬೇಕು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಪ್ರವಾಸಿ ವೀಸಾದ ಮೇಲೆ ಒಳಬಿಡುವುದಿಲ್ಲ ಎಂದಿತು ಯುಎಇ. ಪಾಸ್‌ಪೋರ್ಟಿನ ಎರಡನೇ ಪುಟದಲ್ಲಿ ಅಪ್ಪನ ಹೆಸರಿದ್ದರೆ ಸಾಕೆಂಬ ಸ್ಪಷ್ಟನೆ ಆಮೇಲೆ ಬಂತು. ನಡುವಿನ ದಿನಗಳಲ್ಲಿ ನನಗೆ ಬಂದ ಕರೆಗಳಿಗೆ ಲೆಕ್ಕವಿಲ್ಲ. ಸೌದಿಯಲ್ಲಿರುವ ಮಿತ್ರರಿಗೆ ಅಲ್ಲಿನ ಲೆಕ್ಕಪರಿಶೋಧಕರ ಸಂಸ್ಥೆಯಾದ ಸೋಕ್ಪಾದಲ್ಲಿ ನೋಂದಾಯಿಸುವಾಗ ಮತ್ತೆ ಇದೇ ಗೋಳು.

ಒಂದು ಹಳೆಯ ಮಾತನ್ನು ಎತ್ತಲೇಬೇಕಾಗಿದೆ. ಕೊಲ್ಲಿಯ ಲೆಕ್ಕಪರಿಶೋಧಕರ ನಮ್ಮ ಬಳಗದ 2015ರ ವಾರ್ಷಿಕ ಸಭೆಯಲ್ಲಿ ಹೆಸರಿನ ಈ ತೊಡಕಿಗೆ ಒಂದು ಸಹಾಯ ಕೇಂದ್ರ ಬೇಕೆಂದು ನಿರ್ಣಯ ತಂದಿದ್ದೆ. “ಇದು ಕೆಲವು ಜಿಲ್ಲೆಯವರ ಸಮಸ್ಯೆ” ಎಂದು ಅದನ್ನು ಬಿಟ್ಟುಹಾಕಿದರು. ಶೆಟ್ಟಿ, ಪೈ, ಡಿಸೋಜ ಎಂದು ಬರೆಯುವ ಕರಾವಳಿಯ ಮಿತ್ರರಿಗೂ ಪಾಟೀಲ, ಹಿರೇಮಠ ಎಂದು ಬರೆಯುವ ಉತ್ತರ ಕರ್ನಾಟಕದವರಿಗೂ ಈ ಕಷ್ಟ ಬಂದಿಲ್ಲ, ನಿಜ. ಆದರೆ ತುಮಕೂರಿನ ಹುಡುಗ ಕ್ಲರ್ಕ್ ವೀಸಾದಲ್ಲಿ ಬ್ಯಾಲೆನ್ಸ್ ಶೀಟ್ ಬರೆಯುತ್ತಿದ್ದರೆ ಅದು ಇಡೀ ಬಳಗದ ಸಮಸ್ಯೆ ಅಲ್ಲವೇ? ಆ ದಿನದ ನೋವು ನನಗೆ ಇನ್ನೂ ಹೋಗಿಲ್ಲ.

ಈಗ ನನ್ನ ಬೇಡಿಕೆಗಳು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಬಿಡಿಸಿದ ಪೂರ್ಣ ಹೆಸರಿಗೆ ಒಂದು ಸಾಲು ಕೊಡಿ ಎಂದು ಕರ್ನಾಟಕ ಸರ್ಕಾರಕ್ಕೆ ಈ ತಿಂಗಳೇ ಮನವಿ ಕಳಿಸೋಣ. 1949ರಿಂದ ನಮ್ಮ ವೃತ್ತಿಯನ್ನು ಕಾಯುತ್ತಿರುವ ಭಾರತದ ಲೆಕ್ಕಪರಿಶೋಧಕರ ಸಂಸ್ಥೆ ಐಸಿಎಐ, ಆರ್ಟಿಕಲ್‌ಶಿಪ್‌ಗೆ ನೋಂದಾಯಿಸುವ ದಿನವೇ ಪಾಸ್‌ಪೋರ್ಟಿನಂತೆ ಹೆಸರು ಬರೆಸಿಕೊಳ್ಳಲಿ. ಹಳೆಯ ಸದಸ್ಯರಿಗೆ ಎರಡೂ ಹೆಸರು ಒಬ್ಬರದೇ ಎಂದು ತನ್ನ ಮೊಹರಿನಲ್ಲಿ ಒಂದು ಪತ್ರ ಕೊಡಲಿ. ಛಾಪಾ ಕಾಗದ, ನೋಟರಿ, ಪತ್ರಿಕಾ ಜಾಹೀರಾತು ಎಂದು ಏಜೆಂಟರು ಕೀಳುವ ದುಡ್ಡು ಅಲ್ಲಿಗೆ ನಿಲ್ಲುತ್ತದೆ.

ಇನ್ನೊಂದು ಆಸೆ. ಇಂಗ್ಲೆಂಡ್, ಆಸ್ಟ್ರೇಲಿಯಾದ ಸಂಸ್ಥೆಗಳೊಡನೆ ಐಸಿಎಐ ಮಾಡಿಕೊಂಡಂಥ, ಅರ್ಹತೆ ಗುರುತಿಸುವ ಒಪ್ಪಂದ ಅಮೆರಿಕದೊಡನೆಯೂ ಆಗಬೇಕು. ಅಲ್ಲಿಗೆ ಹೋಗುವ ನಮ್ಮ ಸಿಎಗಳು ಅಲ್ಲಿನ ಪರವಾನಗಿಗಾಗಿ ಈಗ ಸಿಪಿಎ ಪರೀಕ್ಷೆಯ ನಾಲ್ಕು ಭಾಗಗಳನ್ನೂ ಬರೆಯಬೇಕು. ಅಷ್ಟೇಕೆ, ಒಂದು ದೇಶದ ಲೆಕ್ಕಿಗನನ್ನು ಎಲ್ಲ ದೇಶಗಳೂ ಒಪ್ಪುವ ದಿನವೂ ಬರಲಿ.

ನಾಳೆ ಬೆಳಿಗ್ಗೆ ಹತ್ತಕ್ಕೆ ಕೆಳಗಿನ ಕೊಠಡಿಯಲ್ಲಿ ನಾನು ಕೂತಿರುತ್ತೇನೆ. ಪಾಸ್‌ಪೋರ್ಟ್, ಅಂಕಪಟ್ಟಿ, ಪದವಿಪತ್ರ, ಸಿಎ ಪ್ರಮಾಣಪತ್ರಗಳ ಪ್ರತಿ ತನ್ನಿ. ಸರ್ಕಾರಕ್ಕೆ ಕಳಿಸುವ ಮನವಿಯ ಜೊತೆ ಲಗತ್ತಿಸಲು ನನಗೆ ಕನಿಷ್ಠ ನೂರು ಹೆಸರು ಬೇಕು.